ಕಡಲಲ್ಲಿ ಕಂಡ ನಮ್ಮ ಕಡೆ ಹೆಸರು

ಹೋದ ಸಲ ಊರಿಗೆ ಹೋಗಿ ವರ್ಕ್ ಫ್ರಂ ಹೋಮ್ ಮಾಡೋ ಫಜೀತಿ ಬರೆದಿದ್ದೆ. ಮೀಟಿಂಗ್ ನಡುವೆ ಕರೆಂಟು ಹೋಗೋದು, ಅವ್ವ ಲ್ಯಾಪ್‌ಟಾಪ್ ಹಿಂದೆ ನಿಂತು "ಉಂಡ್ಯಾ?" ಅಂತ ಸನ್ನೆ ಮಾಡೋದು, ಇಂಥವೆಲ್ಲ. ಬಂದ ಮೆಸೇಜುಗಳಲ್ಲಿ ಅರ್ಧ "ನಮ್ಮನೇಲೂ ಹಿಂಗೇ" ಅಂತಿದ್ದವು. ಇನ್ನರ್ಧ, "ಸಿರಿಗೇರಿ ಎಲ್ಲಿದೆ?" ಅಂತ.

ಬಳ್ಳಾರಿ ಜಿಲ್ಲೆ, ಸಿರುಗುಪ್ಪ ತಾಲ್ಲೂಕು. ಬಳ್ಳಾರಿಯಿಂದ ಸಿರುಗುಪ್ಪ ಬಸ್ ಹತ್ತಿ ಸಿರಿಗೇರಿ ಕ್ರಾಸ್ ಅಂತ ಕೇಳಿ, ಇಳಿಸ್ತಾರೆ. ಭತ್ತ, ಮೆಣಸಿನಕಾಯಿ, ಬಿಸಿಲು ಮೂರೂ ಧಾರಾಳ. ಸಮುದ್ರ ಮಾತ್ರ ಇಲ್ಲ. ಮಂಗಳೂರಿಗೆ ಹೋಗಿ ನೋಡಬೇಕು ಅಂದ್ರೆ ರಸ್ತೆಯಲ್ಲಿ 400 ಕಿ.ಮೀ. ದಾಟಬೇಕು. ಈ ಲೆಕ್ಕ ಯಾಕೆ ಕೊಟ್ಟೆ ಅಂದ್ರೆ, ಈ ಸಲ ಬರೀತಿರೋದು ಸರ್ಫಿಂಗ್ ಬಗ್ಗೆ. ನಗಬೇಡಿ, ಓದಿ.

ಹೋದ ಆಗಸ್ಟ್, ಶ್ರಾವಣ. ಊರಲ್ಲಿದ್ದೆ. ಗದ್ದೆಗಳಲ್ಲಿ ನಾಟಿ ಜೋರಾಗಿತ್ತು, ಕಾಲುವೆಯಲ್ಲಿ ಕೆಂಪು ನೀರು. ಓವಲ್‌ನಲ್ಲಿ ಸಿರಾಜ್ ಆರು ರನ್ನಿಂದ ಟೆಸ್ಟ್ ಗೆಲ್ಲಿಸಿದ ಗುಂಗು ಊರ ಹೋಟೆಲಲ್ಲಿ ಇನ್ನೂ ಇಳಿದಿರಲಿಲ್ಲ. ನಾನು ಒಗ್ಗಾಣಿ ಮಿರ್ಚಿ ತಿಂತಾ ಫೋನ್ ಉಜ್ಜುತ್ತಿದ್ದೆ. ಒಂದು ಸಣ್ಣ ಸುದ್ದಿ ಬಂತು. ಮಹಾಬಲಿಪುರಂನಲ್ಲಿ ನಡೆದ ಏಷ್ಯನ್ ಸರ್ಫಿಂಗ್ ಚಾಂಪಿಯನ್‌ಷಿಪ್‌ನಲ್ಲಿ ಭಾರತಕ್ಕೆ ಕಂಚು. ಈ ಕೂಟದ ಇತಿಹಾಸದಲ್ಲಿ ಭಾರತೀಯನೊಬ್ಬ ಗೆದ್ದ ಮೊದಲ ವೈಯಕ್ತಿಕ ಪದಕ. ಗೆದ್ದವರು ಕೇರಳದ ಕೋವಳಂನ ರಮೇಶ್ ಬೂದಿಹಾಳ್.

ಕೋವಳಂ ಅನ್ನೋದು ಸರಿ. ಬೂದಿಹಾಳ್?

ಇಂಗ್ಲಿಷ್ ಪತ್ರಿಕೆಗಳು ಆ ಹೆಸರನ್ನ ಒಂದೊಂದು ಕಡೆ ಒಂದೊಂದು ಥರ ಬರೀತವೆ. 'ಬುಧಿಯಲ್' ಅಂತ ಓದಿಸಿಕೊಳ್ಳೋ ಸ್ಪೆಲ್ಲಿಂಗೂ ಇದೆ. ಹಂಗೆ ಓದಿದವರಿಗೆ ಅದು ಯಾವ ಭಾಷೆ ಅಂತಾನೇ ಗೊತ್ತಾಗಲ್ಲ. ಆದ್ರೆ ಉತ್ತರ ಕರ್ನಾಟಕದ ಯಾರಿಗಾದ್ರೂ ಹೇಳಿ ನೋಡಿ, ತಕ್ಷಣ ಒಂದು ಊರು ಕಣ್ಣಿಗೆ ಬರುತ್ತೆ. ಅಪ್ಪನಿಗೆ ಸುದ್ದಿ ಓದಿ ಹೇಳಿದೆ.

"ಬೂದಿಹಾಳ ಅಂದ್ರೆ ನಮ್ ಕಡೆ ಹೆಸರಲ್ಲೇನಪ್ಪ? ಅವ್ನು ಸಮುದ್ರಕ್ಕ್ಯಾಕ ಹೋಗ್ಯಾನೆ?" ಅಂದರು ಅಪ್ಪ.

ಇಡೀ ಕಥೆ ಆ ಪ್ರಶ್ನೆಯಲ್ಲೇ ಇದೆ ಅಂತ ಆಮೇಲೆ ಗೊತ್ತಾಯ್ತು.

ಸಣ್ಣದೊಂದು ಅಡ್ಡದಾರಿ, ಬೇಗ ವಾಪಸ್ ಬರ್ತೀನಿ. ನಮ್ಮ ಕಡೆ ಬೂದಿಹಾಳ ಅನ್ನೋ ಊರು ಒಂದಲ್ಲ, ಹಲವು. ಸುರಪುರ ತಾಲ್ಲೂಕಿನ ಬೂದಿಹಾಳದಲ್ಲಿ ಹೊಸ ಶಿಲಾಯುಗದ ಬೂದಿ ದಿಬ್ಬ ಇದೆ, ಪುರಾತತ್ವಜ್ಞ ಕೆ. ಪದ್ದಯ್ಯ ಅಲ್ಲಿ ಉತ್ಖನನ ಮಾಡಿಸಿದ್ದರು. ದನ ಸಾಕುತ್ತಿದ್ದ ಜನ ಸಗಣಿ ರಾಶಿ ಹಾಕಿ ಸುಟ್ಟು ಸುಟ್ಟು ಆದ ದಿಬ್ಬಗಳು. ಬಳ್ಳಾರಿಯಿಂದ ಹೊಸಪೇಟೆಗೆ ಹೋಗುವಾಗ ಕುಡತಿನಿ ಹತ್ತಿರವೂ ಅಂಥದ್ದು ಇದೆ, ಬಸ್ಸಲ್ಲಿ ಕೂತವರು ಯಾರೂ ತಲೆ ಎತ್ತಿ ನೋಡಲ್ಲ. ಬೂದಿ, ಹಾಳು. ಇಂಥ ಒಣ ಹೆಸರು ಹೊತ್ತ ಮನುಷ್ಯ ನೀರಿನ ಮೇಲೆ ನಿಂತು ದೇಶಕ್ಕೆ ಪದಕ ತರ್ತಾನೆ ಅಂದ್ರೆ ನನಗಂತೂ ಮಿರ್ಚಿ ಗಂಟಲಲ್ಲೇ ನಿಂತಿತು.

ರಮೇಶ್ ಕುಟುಂಬ ಕರ್ನಾಟಕದಿಂದ ಕೋವಳಂಗೆ ವಲಸೆ ಹೋದದ್ದು. ಅಪ್ಪ ಅಮ್ಮ ಕಡಲ ದಂಡೆಯಲ್ಲಿ ಪ್ರವಾಸಿಗರಿಗೆ ಕರಕುಶಲ ಸಾಮಾನು ಮಾರಿ ಸಂಸಾರ ತೂಗಿಸಿದವರು. ನಮ್ಮ ಕಡೆ ಭಾಷೆಯಲ್ಲಿ ಹೇಳೋದಾದ್ರೆ, ಗುಳೆ ಹೋದವರು. ಸಿರುಗುಪ್ಪ, ಕುರುಗೋಡು ಸುತ್ತ 'ಗುಳೆ' ಅನ್ನೋ ಪದಕ್ಕೆ ವಿವರಣೆ ಬೇಕಾಗಿಲ್ಲ. ಬೆಂಗಳೂರಲ್ಲಿ ಹುಟ್ಟಿ ಬೆಳೆದವರಿಗೆ ಹೇಳ್ತೀನಿ: ಮಳೆ ಕೈ ಕೊಟ್ಟಾಗ ಮನೆಗೆ ಬೀಗ ಹಾಕಿ, ಪಾತ್ರೆ ಪಡಗ ಮೂಟೆ ಕಟ್ಟಿ, ಮಕ್ಕಳನ್ನೂ ಕರ್ಕೊಂಡು ಕೆಲಸ ಇರೋ ಊರಿಗೆ ಹೋಗೋದು. ನಿಮ್ಮ ಅಪಾರ್ಟ್‌ಮೆಂಟ್ ಪಕ್ಕ ಕಟ್ಟಡ ಏಳುವಾಗ ತಗಡಿನ ಶೆಡ್‌ಗಳು ಬರ್ತವಲ್ಲ, ಅಲ್ಲಿ ಕಿವಿ ಕೊಟ್ಟು ಕೇಳಿ. ನಮ್ಮ ಕನ್ನಡ ಕೇಳಿಸುತ್ತೆ.

ಇದನ್ನ ದೊಡ್ಡ ಮಾತಾಗಿ ಹೇಳೋ ಯೋಗ್ಯತೆ ನನಗಿಲ್ಲ ಅಂತಾನೂ ಹೇಳಿಬಿಡ್ತೀನಿ. ಮೂರು ವರ್ಷದ ಹಿಂದೆ ಆಫೀಸ್ ಔಟಿಂಗ್ ಅಂತ ಗೋವಾಕ್ಕೆ ಹೋಗಿದ್ವಿ. ಬೀಚಲ್ಲಿ ಒಬ್ಬ ಹೆಣ್ಣುಮಗಳು ಕನ್ನಡಿ ಕೆಲಸದ ಚೀಲ, ಮಣಿಸರ ತಂದು ತೋರಿಸಿದಳು. ಹರಕು ಹಿಂದಿ, ಹರಕು ಇಂಗ್ಲಿಷ್. ಮುನ್ನೂರು ಅಂದಳು, ನಾನು ನೂರು ಅಂದೆ. ಟೀಮಿನವರ ಮುಂದೆ ನನ್ನ ಚೌಕಾಸಿ ಕಲೆ ತೋರಿಸೋ ಹುಮ್ಮಸ್ಸು. ನೂರೈವತ್ತಕ್ಕೆ ಇಳಿಸಿದೆ. ಆಮೇಲೆ ಪಕ್ಕದ ಗೆಳೆಯನಿಗೆ ಕನ್ನಡದಲ್ಲಿ, "ಇನ್ನೂ ಇಳೀತಿತ್ತು ಕಣೋ" ಅಂದೆ.

"ಯಾವೂರ್ರೀ ನಿಮ್ದು?" ಅಂದಳು ಆಕೆ. ನಾನು ಬಳ್ಳಾರಿ ಅಂದೆ. "ನಾವು ಗದಗ ಕಡೀಯವ್ರ್ರೀ" ಅಂತ ನಕ್ಕಳು. ಸಿಟ್ಟಿರಲಿಲ್ಲ, ಅದೇ ಹೆಚ್ಚು ಚುಚ್ಚಿತು. ಮುನ್ನೂರು ಕೊಡೋಕೆ ಹೋದೆ, ತಗೊಳ್ಳಲಿಲ್ಲ. ಮಾತು ಮಾತೇ ಅಂದಳು. ಅವಳ ಹಿಂದೆ ಏಳೆಂಟು ವರ್ಷದ ಹುಡುಗ ಚೀಲ ಕಾಯ್ತಾ ಕೂತಿದ್ದ. ಅವನ ಕಣ್ಣು ನಮ್ಮ ಮೇಲಾಗಲಿ ಚೀಲದ ಮೇಲಾಗಲಿ ಇರಲಿಲ್ಲ, ನೀರಿನ ಮೇಲಿತ್ತು. ಅವತ್ತು ಸೋಮವಾರವೋ ಮಂಗಳವಾರವೋ. ಶಾಲೆ ಇರೋ ದಿನ.

ರಮೇಶ್ ಬಗ್ಗೆ ಓದ್ತಾ ಹೋದಂಗೆ ಆ ಹುಡುಗನೇ ಕಣ್ಮುಂದೆ ಬರ್ತಿದ್ದ.

ಕೋವಳಂನಲ್ಲಿ ಇಂಥ ಮಕ್ಕಳಿಗೆ ಒಂದು ಅದೃಷ್ಟ ಇತ್ತು. ಶಾಲೆ ಬಿಟ್ಟ ಮಕ್ಕಳಿಗಾಗಿ ಸೆಬಾಸ್ಟಿಯನ್ ಇಂಡಿಯನ್ ಸೋಷಿಯಲ್ ಪ್ರಾಜೆಕ್ಟ್ಸ್ ಅನ್ನೋ ಸಂಸ್ಥೆ 1996ರಿಂದ ಅಲ್ಲಿ ಕೆಲಸ ಮಾಡ್ತಿದೆ. ಅದರ ಜೊತೆ ಸೇರಿ ಬೆಲ್ಜಿಯಂನ ಯೆಲ್ಲೆ ರಿಗೋಲ್ ಅನ್ನುವವರು 2005ರಲ್ಲಿ ಕೋವಳಂ ಸರ್ಫ್ ಕ್ಲಬ್ ಶುರು ಮಾಡಿದರು. ಬೋರ್ಡು ಪುಕ್ಕಟೆ, ಕಲಿಸೋದು ಪುಕ್ಕಟೆ. ಷರತ್ತು ಒಂದೇ: ಶಾಲೆಗೆ ಬರದಿದ್ದರೆ ಸರ್ಫಿಂಗ್ ಇಲ್ಲ.

ಈ ಷರತ್ತನ್ನ ನಾನು ನಾಲ್ಕೈದು ಸಲ ಓದಿದೆ. ನಮ್ಮಲ್ಲಿ ಮನೆಮನೆಯಲ್ಲೂ ಉಲ್ಟಾ ಕೇಳ್ತೀವಲ್ಲ? "ಆಟ ಬಿಡು, ಪುಸ್ತಕ ಹಿಡಿ." ಆಟ ಶಾಲೆಯ ಶತ್ರು. ಅಲ್ಲಿ ಅದೇ ಆಟವನ್ನ ಗಾಳ ಮಾಡ್ಕೊಂಡು ಮಕ್ಕಳನ್ನ ಶಾಲೆಗೆ ಎಳೆದರು. ದಂಡೆಯಲ್ಲಿ ಚೀಲ ಕಾಯೋ ಹುಡುಗನಿಗೆ ಪಾಠದ ಆಸೆ ತೋರಿಸಿದರೆ ಬರ್ತಾನಾ? ಅಲೆ ಮೇಲೆ ನಿಲ್ಲೋ ಆಸೆ ತೋರಿಸಿದರೆ ಬೆಳಗ್ಗೆ ಆರಕ್ಕೇ ಬಂದು ಬಾಗಿಲು ಬಡೀತಾನೆ. ರಮೇಶ್ ಹಂಗೆ ಆ ಕ್ಲಬ್ಬಿನಿಂದ ಬಂದವರು. ಈಗಿನ್ನೂ ಇಪ್ಪತ್ತರ ಹರೆಯ. ವಯಸ್ಸಿನಲ್ಲಿ ನನಗಿಂತ ಚಿಕ್ಕವರು, ಆದ್ರೂ 'ಅವನು' ಅನ್ನೋಕೆ ಬಾಯಿ ಬರ್ತಿಲ್ಲ. ದೇಶದ ದೊಡ್ಡ ಕೂಟವಾದ ಇಂಡಿಯನ್ ಓಪನ್ ಗೆದ್ದವರು. ಆ ಕೂಟ ನಡೆಯೋದು ನಮ್ಮ ಮಂಗಳೂರಿನ ಕಡಲಲ್ಲೇ, ಪಣಂಬೂರು ಇಲ್ಲಾ ಸಸಿಹಿತ್ಲುವಿನಲ್ಲಿ. ಅಂದ್ರೆ ಅಪ್ಪ ಅಮ್ಮ ಬಿಟ್ಟು ಹೋದ ರಾಜ್ಯಕ್ಕೆ ಮಗ ಬೋರ್ಡ್ ಹಿಡ್ಕೊಂಡು ವಾಪಸ್ ಬಂದು ಗೆದ್ದಿದ್ದಾನೆ. (ನೋಡಿ, ಸಂಭ್ರಮದಲ್ಲಿ ಏಕವಚನ ಬಂದೇಬಿಡ್ತು.)

ಈಗ ಆಟದ ಬಗ್ಗೆ. ನನ್ನಂಥವರಿಗೆ ಇದು ಬೇಕು, ಯಾಕಂದ್ರೆ ಮಹಾಬಲಿಪುರಂ ವಿಡಿಯೋ ಮೊದಲ ಸಲ ನೋಡಿದಾಗ ಯಾರು ಗೆದ್ದರು, ಯಾಕೆ ಗೆದ್ದರು ಒಂದೂ ತಿಳಿಯಲಿಲ್ಲ. ಎಲ್ಲರೂ ನಿಲ್ತಾರೆ, ಎಲ್ಲರೂ ಬೀಳ್ತಾರೆ.

ಒಂದು ಸುತ್ತು ಅಂದ್ರೆ ಇಪ್ಪತ್ತರಿಂದ ಮೂವತ್ತು ನಿಮಿಷ. ಅಷ್ಟರಲ್ಲಿ ನಿಮಗೆ ಬೇಕಾದ ಅಲೆ ಹಿಡೀಬಹುದು. ಪ್ರತಿ ಅಲೆಗೂ ಐದು ಜನ ತೀರ್ಪುಗಾರರು ಹತ್ತಕ್ಕೆ ಇಷ್ಟು ಅಂತ ಅಂಕ ಕೊಡ್ತಾರೆ. ಅತಿ ಹೆಚ್ಚು, ಅತಿ ಕಡಿಮೆ ಎರಡನ್ನೂ ತೆಗೆದು ಉಳಿದ ಮೂರರ ಸರಾಸರಿ. ಕೊನೆಗೆ ನಿಮ್ಮ ಅತ್ಯುತ್ತಮ ಎರಡು ಅಲೆಗಳ ಅಂಕ ಕೂಡಿಸ್ತಾರೆ, ಇಪ್ಪತ್ತಕ್ಕೆ. ಉಳಿದ ಅಲೆಗಳಲ್ಲಿ ಎಷ್ಟು ಸಲ ಮುಗ್ಗರಿಸಿದ್ರೂ ಯಾರೂ ಕೇಳಲ್ಲ. ನಮ್ಮ ಅಪ್ರೈಸಲ್ ಇದರ ಉಲ್ಟಾ. ವರ್ಷದಲ್ಲಿ ಎರಡು ಸಲ ಪ್ರೊಡಕ್ಷನ್ ಕೆಡಿಸಿದ್ದೇ ಮ್ಯಾನೇಜರ್‌ಗೆ ನೆನಪಿರುತ್ತೆ.

ಫೈನಲ್‌ನಲ್ಲಿ ರಮೇಶ್ ಗಳಿಸಿದ್ದು 12.60. ಕೊರಿಯಾದ ಕನೋವಾ ಹೀಜೇ 15.17 ಅಂಕದಿಂದ ಚಿನ್ನ, ಇಂಡೋನೇಷ್ಯಾದ ಪಜರ್ ಅರಿಯಾನಾ 14.57ರಿಂದ ಬೆಳ್ಳಿ. ಅಂತರ ಸಣ್ಣದೇನಲ್ಲ, ಅದನ್ನ ಮುಚ್ಚಿಡಬೇಕಾಗಿಲ್ಲ. ಇಂಡೋನೇಷ್ಯಾ ಅಂದ್ರೆ ಬಾಲಿ, ಪ್ರಪಂಚದ ಸರ್ಫರ್‌ಗಳೆಲ್ಲ ಹೋಗಿ ಬೀಳೋ ಜಾಗ. ಜಪಾನ್ ಈ ಆಟವನ್ನ ಒಲಿಂಪಿಕ್ಸ್‌ಗೇ ತಂದ ದೇಶ. ಇವರ ನಡುವೆ ಭಾರತದವರು ಫೈನಲ್ ತನಕ ಬಂದದ್ದೇ ಮೊದಲು. ಏಷ್ಯನ್ ಚಾಂಪಿಯನ್‌ಷಿಪ್ ನಮ್ಮ ದೇಶದಲ್ಲಿ ನಡೆದದ್ದೂ ಇದೇ ಮೊದಲು. ನಮ್ಮ ಸರ್ಫಿಂಗ್ ಫೆಡರೇಷನ್‌ಗೆ ವಯಸ್ಸು ಎಷ್ಟು ಗೊತ್ತಾ? ಹುಟ್ಟಿದ್ದು 2011ರಲ್ಲಿ. ನಾನು ಪಿಯುಸಿ ಓದ್ತಿದ್ದೆ.

ಕಾಯೋದೇ ಈ ಆಟದ ಮುಕ್ಕಾಲು ಪಾಲು ಅಂತ ಆಮೇಲೆ ಅರ್ಥವಾಯ್ತು. ಎಲ್ಲೋ ದೂರದ ಸಾಗರದಲ್ಲಿ ಗಾಳಿ ಬೀಸಿ ಎಬ್ಬಿಸಿದ ಉಬ್ಬರ ಸಾವಿರಾರು ಮೈಲಿ ಬಂದು, ದಡದ ಹತ್ತಿರ ಆಳ ಕಡಿಮೆ ಆದಾಗ ಬುಡ ನಿಧಾನವಾಗಿ ತಲೆ ಮುಂದೆ ಹೋಗಿ ಮುರಿಯುತ್ತೆ. ಆ ಮುರಿಯೋ ಕ್ಷಣಕ್ಕೆ ಸ್ವಲ್ಪ ಮುಂಚೆ ನೀವು ಅಲ್ಲಿರಬೇಕು. ಬೇಗ ಹೋದ್ರೆ ಅಲೆ ನಿಮ್ಮ ಕೆಳಗೆ ಸುಮ್ಮನೆ ದಾಟುತ್ತೆ. ತಡವಾದ್ರೆ ತಲೆ ಮೇಲೆ ಬೀಳುತ್ತೆ. ಕ್ರಿಕೆಟ್ಟಿನ ಪಿಚ್ ಐದು ದಿನ ಅಲ್ಲೇ ಇರುತ್ತೆ. ಇಲ್ಲಿ ಪಿಚ್ಚೇ ಎದ್ದು ಓಡಿ ಬರುತ್ತೆ, ಹತ್ತು ಸೆಕೆಂಡಿಗೆ ಮುಗಿದುಹೋಗುತ್ತೆ. ದಿನಾ ನೀರಲ್ಲಿದ್ದವರಿಗಷ್ಟೇ ಅದರ ಕಣ್ಣು ಬರುತ್ತೆ. ದಂಡೆಯಲ್ಲಿ ಬೆಳೆದ ಮಕ್ಕಳು ಗೆಲ್ಲೋದು ಅದಕ್ಕೇ. ಕಡಲ ಪಕ್ಕ ಮಾರಾಟಕ್ಕೆ ಕೂತ ಅಪ್ಪ ಅಮ್ಮನ ಬಡತನ ಆ ಹುಡುಗನಿಗೆ ಬೇರೇನೂ ಕೊಡಲಿಲ್ಲ, ದಿನಾ ಸಮುದ್ರ ನೋಡೋ ಸಮಯ ಕೊಟ್ಟಿತು.

ಇಂಥದ್ದೇ ಇನ್ನೊಂದು ಕಥೆ ಇದೆ, ಬ್ರೆಜಿಲ್‌ನದ್ದು. ಸರ್ಫಿಂಗ್ ಮೊದಲ ಸಲ ಒಲಿಂಪಿಕ್ಸ್‌ಗೆ ಬಂದದ್ದು ಟೋಕಿಯೊದಲ್ಲಿ, 2021ರ ಜುಲೈನಲ್ಲಿ. ಪುರುಷರ ಮೊದಲ ಚಿನ್ನ ಗೆದ್ದ ಇಟಾಲೋ ಫೆರೇರಾ ಮೀನು ಮಾರುವವರ ಮಗ. ಅಪ್ಪ ಮೀನು ಇಟ್ಟು ಮಾರ್ತಿದ್ದ ಥರ್ಮಾಕೋಲ್ ಪೆಟ್ಟಿಗೆಯ ಮುಚ್ಚಳವೇ ಅವರ ಮೊದಲ ಬೋರ್ಡು. ಫೈನಲ್‌ನಲ್ಲಿ ಶುರುವಿನಲ್ಲೇ ಬೋರ್ಡು ಎರಡು ತುಂಡಾಯ್ತು. ಬೇರೆ ಬೋರ್ಡು ತಂದು ಗೆದ್ದರು. ಮುಚ್ಚಳದ ಮೇಲೆ ಕಲಿತವರಿಗೆ ಮುರಿದ ಬೋರ್ಡು ಯಾವ ಲೆಕ್ಕ ಬಿಡಿ.

ಆ ಮುಚ್ಚಳದ ಕಥೆ ಓದಿದಾಗಲೇ ನನಗೆ ನನ್ನ ಗೆಳೆಯ ನೆನಪಾದದ್ದು.

ಹೆಸರು ಬರೆಯಲ್ಲ, ಬರೆದರೆ ಬೈತಾನೆ. ಊರಲ್ಲಿ ನನ್ನ ಕ್ಲಾಸ್‌ಮೇಟ್. ತುಂಗಭದ್ರಾ ಕಾಲುವೆಗೆ ನೀರು ಬಿಟ್ಟ ದಿನ ನಮಗೆಲ್ಲ ಹಬ್ಬ. 2024ರ ಆಗಸ್ಟ್‌ನಲ್ಲಿ ಡ್ಯಾಮಿನ 19ನೇ ಗೇಟು ಕೊಚ್ಚಿಹೋದಾಗ ಊರಿಗೆ ಊರೇ ಉಸಿರು ಹಿಡ್ಕೊಂಡು ಕೂತಿತ್ತಲ್ಲ, ಆ ನೀರೇ. ನಾವೆಲ್ಲ ಟ್ರ್ಯಾಕ್ಟರ್ ಟ್ಯೂಬ್ ಕಟ್ಕೊಂಡು ಅಂಚಲ್ಲಿ ಕಾಲಾಡಿಸ್ತಿದ್ವಿ. ಅವನು ಸೇತುವೆ ಮೇಲಿಂದ ಹಾರ್ತಿದ್ದ. ಆರನೇ ಕ್ಲಾಸಲ್ಲಿ ಒಂದು ಹಳೇ ಬಾಗಿಲ ಹಲಗೆ ತಂದ. ಸೇತುವೆ ಕಂಬಿಗೆ ದನದ ಹಗ್ಗ ಕಟ್ಟಿ, ಇನ್ನೊಂದು ತುದಿ ಕೈಯಲ್ಲಿ ಹಿಡಿದು, ಹರಿಯೋ ನೀರಿಗೆ ಎದುರಾಗಿ ಹಲಗೆ ಮೇಲೆ ನಿಂತುಬಿಟ್ಟ. ನೀರು ಹಲಗೆ ಕೆಳಗೆ ಓಡ್ತಿದೆ, ಅವನು ನಿಂತಲ್ಲೇ ನಿಂತಿದ್ದಾನೆ, ಒಂದು ಕೈ ಗಾಳಿಯಲ್ಲಿ. ದಡದಲ್ಲಿ ನಾವು ಹುಚ್ಚರ ಥರ ಕೂಗಿದ್ವಿ. ಆ ದೃಶ್ಯಕ್ಕೆ ಹೆಸರಿದೆ ಅಂತ ನಮಗೆ ಯಾರಿಗೂ ಗೊತ್ತಿರಲಿಲ್ಲ. (ಮಕ್ಕಳು ಓದ್ತಿದ್ರೆ: ಕಾಲುವೆಯಲ್ಲಿ ಇದನ್ನ ಮಾಡಬೇಡ್ರೋ. ಸೆಳೆತ ಬಹಳ. ನಾವು ಬದುಕಿದ್ದು ಅದೃಷ್ಟ.)

ಜರ್ಮನಿಯ ಮ್ಯೂನಿಕ್ ನಗರದಲ್ಲಿ ಐಸ್‌ಬಾಖ್ ಅನ್ನೋ ತೊರೆ ಇದೆ. ಊರ ನಡುವೆ ಪಾರ್ಕಲ್ಲಿ ಹರಿಯುತ್ತೆ, ಸಮುದ್ರ ಅಲ್ಲಿಂದ ನೂರಾರು ಕಿ.ಮೀ. ದೂರ. ನೀರು ನುಗ್ಗೋ ರಭಸಕ್ಕೆ ಒಂದೇ ಜಾಗದಲ್ಲಿ ನಿಂತ ಅಲೆ ಆಗ್ತಿತ್ತು. ಅದರ ಮೇಲೆ 1970ರ ದಶಕದಿಂದ ಜನ ಸರ್ಫ್ ಮಾಡಿದ್ದಾರೆ, ನೋಡೋಕೆ ಸೇತುವೆ ಮೇಲೆ ಪ್ರವಾಸಿಗರ ಸಾಲು ಇರ್ತಿತ್ತು. ಆಫೀಸ್ ಕೆಲಸಕ್ಕೆ ಅಲ್ಲಿಗೆ ಹೋಗಿದ್ದ ಸಹೋದ್ಯೋಗಿ ವಿಡಿಯೋ ತೋರಿಸಿದಾಗ ನಾನು, "ಇದನ್ನ ನಮ್ಮೂರಲ್ಲಿ 2006ರಲ್ಲೇ ನೋಡಿದೀನಿ" ಅಂದೆ. ಜೋಕ್ ಅಂದ್ಕೊಂಡ.

ಏಳನೇ ಕ್ಲಾಸಿನ ದಸರಾ ರಜೆ ಮುಗಿಸಿ ಬಂದಾಗ ಗೆಳೆಯನ ಜಾಗ ಖಾಲಿ. ಅವರದು ಕಾಲುವೆ ನೀರು ಹತ್ತದ ಎರಡೆಕರೆ, ಮಳೆ ನಂಬಿದ ಹೊಲ. ಮೇಲೆ ಸಾಲ. ಅಪ್ಪ ಅವ್ವ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೊರಟಾಗ ತಂಗಿಯನ್ನ ನೋಡ್ಕೊಳ್ಳೋಕೆ ಇವನೂ ಹೋದ. "ಯುಗಾದಿಗೆ ಬರ್ತಾರೆ" ಅಂದ್ರು. ಯುಗಾದಿಗೆ ಬಂದ, ಶಾಲೆಗೆ ಬರಲಿಲ್ಲ. ಹಾಜರಿ ಕರೆಯುವಾಗ ಅವನ ಹೆಸರು ಬಂದ್ರೆ ಮೊದಮೊದಲು ನಾವು "ಬೆಂಗಳೂರು ಸಾರ್" ಅಂತ ಒಟ್ಟಿಗೆ ಕೂಗ್ತಿದ್ವಿ. ಆಮೇಲೆ ಹೆಸರು ಬರೋದೇ ನಿಂತಿತು.

ನಾನೂ ಬೆಂಗಳೂರಿಗೆ ಬಂದೆ, ಹತ್ತು ವರ್ಷ ತಡವಾಗಿ, ಲ್ಯಾಪ್‌ಟಾಪ್ ಬ್ಯಾಗ್ ಹಾಕ್ಕೊಂಡು. ನನ್ನದಕ್ಕೆ ಯಾರೂ ಗುಳೆ ಅನ್ನಲ್ಲ, ಕೆರಿಯರ್ ಅಂತಾರೆ. ಅವನು ಕಟ್ಟಿದ ಯಾವುದೋ ಕಟ್ಟಡದಲ್ಲೇ ನಾನು ಬಾಡಿಗೆಗೆ ಇರಬಹುದು.

ರಮೇಶ್ ಬೂದಿಹಾಳ್ ಅವರ ಪ್ರತಿಭೆ ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಅಂಥ ಅಲೆಯಲ್ಲಿ ನಿಲ್ಲೋದು ಬೋರ್ಡು ಕೊಟ್ಟ ಮಾತ್ರಕ್ಕೆ ಬರಲ್ಲ. ಆದ್ರೆ ಪ್ರತಿಭೆ ಕಥೆ ಹೇಳುವಾಗ ನಾವು ಆ ಬೋರ್ಡು ಕೊಟ್ಟವರನ್ನ, ಆ ಷರತ್ತು ಹಾಕಿದವರನ್ನ ಒಂದು ಸಾಲಲ್ಲಿ ದಾಟಿಸಿಬಿಡ್ತೀವಿ. 'ಕಷ್ಟಗಳ ನಡುವೆ ಅರಳಿದ ಹೂವು' ಅಂತ ಶೀರ್ಷಿಕೆ ಕೊಟ್ರೆ ಮುಗೀತು. ನನ್ನ ಗೆಳೆಯನಿಗೂ ಕಷ್ಟ ಇತ್ತು, ಧೈರ್ಯ ಇತ್ತು, ಹಲಗೆ ಮೇಲೆ ನಿಲ್ಲೋ ಸಮತೋಲನ ಇತ್ತು. ಹೋದದ್ದೂ ಗುಳೆಯೇ. ಅವನು ಹೋದ ಜಾಗದಲ್ಲಿ ಶಾಲೆಗೆ ಬಾ, ಆಟಕ್ಕೆ ಬಿಡ್ತೀನಿ ಅನ್ನೋರು ಯಾರೂ ಸಿಗಲಿಲ್ಲ.

ಅಕ್ಟೋಬರ್‌ನಲ್ಲಿ ನಾನೇ ಒಮ್ಮೆ ನೋಡೋಣ ಅಂತ ಮೂಲ್ಕಿಗೆ ಹೋದೆ. ಬೆಂಗಳೂರಿಂದ ರಾತ್ರಿ ಬಸ್, ಬೆಳಗ್ಗೆ ಸಮುದ್ರ. ಭಾರತದ ಸರ್ಫಿಂಗ್ ನಕ್ಷೆಯಲ್ಲಿ ಮೂಲ್ಕಿ ದೊಡ್ಡ ಹೆಸರು. ಅಮೆರಿಕದ ಜ್ಯಾಕ್ ಹೆಬ್ನರ್ ಇಲ್ಲಿ 2004ರಲ್ಲಿ ಮಂತ್ರ ಸರ್ಫ್ ಕ್ಲಬ್ ಕಟ್ಟಿದರು, ಜನ ಅವರನ್ನ 'ಸರ್ಫಿಂಗ್ ಸ್ವಾಮಿ' ಅಂತಾರೆ. ಬೋರ್ಡ್ ಮೇಲೆ ನಿಂತು ಹುಟ್ಟು ಹಾಕೋ ಪ್ಯಾಡ್ಲಿಂಗ್‌ನಲ್ಲಿ ಹೆಸರು ಮಾಡಿದ ತನ್ವಿ ಜಗದೀಶ್ ಇದೇ ಊರಿನವರು. ಪಕ್ಕದ ಸಸಿಹಿತ್ಲುವಿನಲ್ಲಿ ನಂದಿನಿ, ಶಾಂಭವಿ ಎರಡೂ ನದಿ ಸಮುದ್ರ ಸೇರ್ತವೆ. ಜಾಗ ನೋಡಿದ್ರೆ ರಾಜೀನಾಮೆ ಕೊಡಬೇಕು ಅನ್ಸುತ್ತೆ. ಇಎಂಐ ನೆನಪಾಗಿ ಸುಮ್ಮನಾದೆ.

ಕಲಿಸಿದ ಹುಡುಗನಿಗೆ ಇಪ್ಪತ್ತೆರಡು ಇರಬಹುದು, ಮೀನುಗಾರರ ಮನೆಯವನು. ಮೊದಲು ಮರಳಲ್ಲೇ ಬೋರ್ಡು ಇಟ್ಟು, ಹೊಟ್ಟೆ ಮೇಲೆ ಮಲಗಿಸಿ, ಎದ್ದು ನಿಲ್ಲೋದನ್ನ ಹತ್ತು ಸಲ ಮಾಡಿಸಿದ. ಮರಳಲ್ಲಿ ನಾನು ಚಾಂಪಿಯನ್. ನೀರಿಗಿಳಿದ ಮೇಲೆ ಶುರುವಾಯ್ತು. ಕಾಲಿಗೆ ಕಟ್ಟಿದ ಹಗ್ಗ ಒಂದು ಕಡೆ ಎಳೆಯುತ್ತೆ, ಬೋರ್ಡು ಇನ್ನೊಂದು ಕಡೆ, ಮೂಗಲ್ಲಿ ಉಪ್ಪು. ಸೊಂಟದೆತ್ತರದ ಅಲೆ, ದಡದಿಂದ ನೋಡಿದ್ರೆ ಮಗುವಿನ ಥರ, ಹತ್ತಿರ ಬಂದಾಗ ಗೋಡೆ. ಹದಿನಾಲ್ಕು ಸಲ ಬಿದ್ದೆ, ಎಣಿಸಿದ್ದೀನಿ. ಡೆಸ್ಕಲ್ಲಿ ಕೂತು ಕೂತು ಬೆನ್ನು ಏನಾಗಿದೆ ಅಂತ ನನಗೆ ಗೊತ್ತಾದದ್ದು ಅವತ್ತೇ.

"ಸರ್, ಕೆಳಗೆ ನೋಡ್ಬೇಡಿ. ಕಾಲು ನೋಡಿದ್ರೆ ಬೀಳ್ತೀರಿ. ದಡ ನೋಡಿ" ಅಂದ ಹುಡುಗ.

ಹದಿನೈದನೇ ಸಲ ದಡ ನೋಡಿದೆ. ಒಂದು ತೆಂಗಿನ ಮರ, ಅದರ ಕೆಳಗೆ ಒಂದು ನಾಯಿ. ಮೂರು ಸೆಕೆಂಡ್ ನಿಂತೆ. ಜಾಸ್ತಿ ಹೇಳಲ್ಲ, ಮೂರೇ. ಕೆಳಗೆ ಏನೋ ಜೀವಂತ ವಸ್ತು ಓಡ್ತಿದ್ದಂಗೆ, ಮೈಯೆಲ್ಲ ಹಗುರ. ರಮೇಶ್ ಥರದವರು ಇದನ್ನ ಹತ್ತು ಹದಿನೈದು ಸೆಕೆಂಡ್ ಹಿಡಿದಿಟ್ಕೊಂಡು, ಅದರೊಳಗೇ ಮೇಲೆ ಹತ್ತಿ, ತಿರುಗಿ, ನೀರು ಚಿಮ್ಮಿಸಿ, ಮತ್ತೆ ಇಳಿದು, ತೀರ್ಪುಗಾರರನ್ನ ಒಪ್ಪಿಸಬೇಕು. 12.60 ಅನ್ನೋ ಅಂಕಿಯ ತೂಕ ನನಗೆ ತಿಳಿದದ್ದು ಬಿದ್ದ ಮೇಲೆ.

ಚಹಾ ಕುಡೀತಾ ಹುಡುಗನಿಗೆ ರಮೇಶ್ ಬಗ್ಗೆ ಕೇಳಿದೆ. ಅವನ ಮುಖ ಅರಳಿತು. ಆಮೇಲೆ ಕೈ ಬೆರಳಲ್ಲಿ ಲೆಕ್ಕ ಹಾಕಿ ತೋರಿಸಿದ: ಒಳ್ಳೇ ಬೋರ್ಡಿಗೆ ಹತ್ತಾರು ಸಾವಿರ, ಮುರಿದರೆ ಮತ್ತೆ ಅಷ್ಟೇ, ಕೂಟಗಳಿಗೆ ಓಡಾಟದ ಖರ್ಚು ಬೇರೆ. ನನ್ನಂಥ ಬಳ್ಳಾರಿ ಬೊಂಬೆಗಳನ್ನ ಅಲೆಗೆ ತಳ್ಳಿ ಬಂದ ಹಣದಲ್ಲೇ ಅವನ ಪ್ರಾಕ್ಟೀಸ್. 2026ರ ಸೆಪ್ಟೆಂಬರ್‌ಗೆ ಜಪಾನಿನ ಐಚಿ-ನಗೋಯಾದ ಏಷ್ಯನ್ ಗೇಮ್ಸ್‌ನಲ್ಲಿ ಮೊದಲ ಸಲ ಸರ್ಫಿಂಗ್ ಇದೆ. "ನಮ್ಮವರು ಇರ್ತಾರೆ ಸರ್, ಟಿವಿಯಲ್ಲಿ ಬರುತ್ತೆ" ಅಂದ. 'ನಮ್ಮವರು' ಅಂದಾಗ ತುಳು, ಮಲಯಾಳ, ತಮಿಳು ಎಲ್ಲಾ ಅದರಲ್ಲಿತ್ತು. ಬೂದಿಹಾಳವೂ.

ವಾಪಸ್ ಬಸ್ಸಲ್ಲಿ ಮೈ ಕೈ ನೋವಿಗೆ ನಿದ್ದೆ ಬರಲಿಲ್ಲ. ಗೆಳೆಯನಿಗೆ ಮಹಾಬಲಿಪುರಂ ವಿಡಿಯೋ ಕಳಿಸಿದೆ. ಅವನೀಗ ಬೆಂಗಳೂರಲ್ಲೇ ಗಾರೆ ಮೇಸ್ತ್ರಿ, ಕೈ ಕೆಳಗೆ ಆರು ಜನ. ಮಗ ಮೂರನೇ ಕ್ಲಾಸು. ಮಗನ ಹಾಜರಿ ವಿಷಯದಲ್ಲಿ ಅವನು ಎಷ್ಟು ಕಟ್ಟುನಿಟ್ಟು ಅಂದ್ರೆ, ಹೋದ ವರ್ಷ ಊರ ಜಾತ್ರೆಗೂ ಹುಡುಗನನ್ನ ಕರ್ಕೊಂಡು ಬರಲಿಲ್ಲ.

ರಾತ್ರಿ ಹನ್ನೊಂದೂವರೆಗೆ ವಾಯ್ಸ್ ಮೆಸೇಜ್ ಬಂತು. ಹಿಂದೆ ಟಿವಿ ಸದ್ದು, ಮಗು ಏನೋ ಕೇಳ್ತಿತ್ತು.

"ಲೇ, ಇದು ನಾನು ಕಾಲುವಿಯಾಗ ಮಾಡ್ತಿದ್ದೆನಲ್ಲ, ಅದೇ ಅಲ್ಲೇನಲೇ?"

ಅದೇ ಅಂತ ಬರೆದೆ. ಮ್ಯೂನಿಕ್ ತೊರೆಯ ವಿಡಿಯೋನೂ ಕಳಿಸಿದೆ. ಸ್ವಲ್ಪ ಹೊತ್ತು ಏನೂ ಇಲ್ಲ, ನೀಲಿ ಟಿಕ್ ಮಾತ್ರ. ಆಮೇಲೆ ಇನ್ನೊಂದು ಮೆಸೇಜ್.

"ಭಾನುವಾರ ಹೋದ್ರೆ ಮೂಲ್ಕಿಯಾಗ ಕಲಿಸ್ತಾರೇನು? ನಂಗಲ್ಲ, ಹುಡುಗನಿಗೆ. ಸೋಮವಾರ ಸಾಲಿ ಹೊತ್ತಿಗೆ ವಾಪಸ್ ಬರಬೇಕು ನೋಡು. ಬಸ್ಸಿಗೆ ಎಷ್ಟಾಗ್ತೈತೆ?"